ಗೋಲು ಎಷ್ಟಾತು ಅಂದ್ರ ಸಾಲದು, ಪಗಾರ ಆತೇನು ಅಂತಲೂ ಕೇಳ್ರಿ!

ಹಾವೇರಿ ಜಿಲ್ಲೆಯಲ್ಲಿ ಆಟವೆಂದರೆ ಮೊದಲು ಕುಸ್ತಿ, ಕಬಡ್ಡಿ. ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಆಟ. ಕೊರಳಲ್ಲಿ ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿಗೆ ಹೆಸರುಂಟು, ಆ ಹೆಸರಿಗೆ ಅಭಿಮಾನಿಗಳ ದಂಡುಂಟು. ಕ್ರಿಕೆಟ್ಟಿನ ಮಾತಂತೂ ಬೇಡವೇ ಬೇಡ. ಇಂಥ ನೆಲದಲ್ಲಿ ಕಾಲ್ಚೆಂಡಿನ ಹುಚ್ಚು ಹತ್ತಿಸಿಕೊಂಡವರೂ ಇದ್ದಾರೆಂದರೆ ಓದುಗರು ನಂಬುತ್ತಾರೋ ಇಲ್ಲವೋ. ಇದ್ದಾರೆ! ಹಾನಗಲ್ಲಿನಲ್ಲಿ ಇದ್ದಾರೆ, ಶಿಗ್ಗಾಂವಿಯಲ್ಲಿ ಇದ್ದಾರೆ, ಸವಣೂರು, ಹಿರೇಕೆರೂರಿನಲ್ಲೂ ಇದ್ದಾರೆ. ಮಂದಿ ಕಡಿಮೆ, ಹುಚ್ಚು ಮಾತ್ರ ಕಡಿಮೆಯಲ್ಲ.

ಇವರಿಗೆ ಸ್ಟೇಡಿಯಂ ದೂರದ ಬೆಟ್ಟ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಶಿಗ್ಗಾಂವಿಯಿಂದ ಸುಮಾರು 350 ಕಿ.ಮೀ. ಆಟ ನೋಡಿ ಬಸ್ ಹತ್ತಿದರೆ ಊರು ಮುಟ್ಟುವುದು ಬೆಳಗಿನ ಜಾವಕ್ಕೆ. ಬಸ್ಸಿನ ಖರ್ಚು ಒಂದು, ಹೋದ ದಿನದ ಕೂಲಿ ಇನ್ನೊಂದು. ಹೀಗಾಗಿ ಇವರಿಗೆ ಮೊಬೈಲೇ ಮೈದಾನ, ಮರುದಿನದ ಚಹಾದಂಗಡಿಯೇ ಗ್ಯಾಲರಿ.

"ಏನ್ ಕಾಕಾ, ನಿನ್ನಿ ಏನಾತು?"

"ಏನಾಗೂದೈತಿ ತಮ್ಮಾ, ಕಡೀಕ ಒಂದು ಗೋಲು ತಿಂದು ಸೋತ್ರು!"

ಇಷ್ಟಕ್ಕೇ ಮಾತು ಮುಗಿಯುತ್ತಿತ್ತು. ಆದರೆ 2025ರಿಂದೀಚೆಗೆ ಇಷ್ಟಕ್ಕೇ ಮುಗಿಯುವ ಹಾಗಿಲ್ಲ. ಯಾಕೆ ಅಂತೀರಾ? ಓದಿ.

ಏರಿದ್ದೂ ಜೋರು, ಇಳಿದದ್ದೂ ಜೋರು

ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದು ಕೋಲ್ಕತಾ, ಗೋವಾದ ಹಳೇ ಹುಲಿಗಳ ಬಾಯಿ ಮುಚ್ಚಿಸಿತು. 2016ರಲ್ಲಿ ಮತ್ತೆ ಐ-ಲೀಗ್ ಗೆದ್ದಿತು. ಅದೇ ವರ್ಷ ಎ.ಎಫ್.ಸಿ. ಕಪ್ಪಿನ ಫೈನಲ್ ಮುಟ್ಟಿ, ಇರಾಕಿನ ಏರ್ ಫೋರ್ಸ್ ತಂಡಕ್ಕೆ 1-0ಯಿಂದ ಸೋತಿತು. ಸೋತರೇನಂತೆ, ಆ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಅದೇ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾವನ್ನು 1-0ಯಿಂದ ಮಣಿಸಿ ಐ.ಎಸ್.ಎಲ್. ಕಪ್ ಎತ್ತಿತು. 2022ರಲ್ಲಿ ಡುರಾಂಡ್ ಕಪ್ಪೂ ಬಂತು.

ಆಮೇಲೆ ಗಾಳಿ ತಿರುಗಿತು. 2023ರ ಐ.ಎಸ್.ಎಲ್. ಫೈನಲ್ ಪೆನಾಲ್ಟಿಯಲ್ಲಿ ಕೈ ತಪ್ಪಿತು. 2023-24ರ ಹಂಗಾಮಿನಲ್ಲಿ 12 ತಂಡಗಳ ಪೈಕಿ 10ನೇ ಸ್ಥಾನ! ಹೋರಿ ಹಬ್ಬದ ಭಾಷೆಯಲ್ಲಿ ಹೇಳುವುದಾದರೆ, ಹೆಸರಾದ ಹೋರಿ ಅಖಾಡದಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೇ ಕೊಬ್ಬರಿ ಹರಿಸಿಕೊಂಡಿತ್ತು.

ಗೋವಾ ಎದುರು ಗುದ್ದಾಟ

2024-25ರಲ್ಲಿ ತಂಡ ಮತ್ತೆ ಎದ್ದಿತು. 2024ರ ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ತಂಡಕ್ಕೆ 3-0ಯ ಪೆಟ್ಟು ಕೊಟ್ಟಿತು. ಲೀಗಿನಲ್ಲಿ ಮೂರನೇ ಸ್ಥಾನ. 2025ರ ಮಾರ್ಚ್ 29ರಂದು ಪ್ಲೇ-ಆಫ್‌ನಲ್ಲಿ ಮುಂಬಯಿ ಸಿಟಿಗೆ ಐದು ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡಲಿಲ್ಲ.

ಸೆಮಿಫೈನಲ್ ಗೋವಾ ವಿರುದ್ಧ. ಇಲ್ಲೇ ನಮ್ಮ ತಾಲೂಕುಗಳ ಅಭಿಮಾನಿಗೆ ಪೀಕಲಾಟ. ಶಿಗ್ಗಾಂವಿಯಿಂದ ಲೆಕ್ಕ ಹಾಕಿದರೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. ಉತ್ತರ ಕರ್ನಾಟಕದಿಂದ ದುಡಿಯಲು ಗೋವಾಕ್ಕೆ ಹೋಗುವವರು ಇಂದು ನಿನ್ನೆಯವರಲ್ಲ. ಅಲ್ಲಿ ಗೌಂಡಿ ಕೆಲಸ ಮಾಡುತ್ತ ಸಂಜೆ ಮೈದಾನದಂಚಿಗೆ ನಿಂತು ಆಟ ಕಲಿತವನಿಗೆ ಅನ್ನ ಕೊಟ್ಟ ಊರು ಒಂದು ಕಡೆ, ಹೆತ್ತ ನಾಡು ಇನ್ನೊಂದು ಕಡೆ. ಯಾರಿಗೆ ಚಪ್ಪಾಳೆ ಹೊಡೆಯಬೇಕು?

ಏಪ್ರಿಲ್ 2ರಂದು ಕಂಠೀರವದಲ್ಲಿ ಬೆಂಗಳೂರು 2-0. ಏಪ್ರಿಲ್ 6ರಂದು ಮಡಗಾಂವಿನ ಫತೋರ್ಡಾದಲ್ಲಿ ಗೋವಾ ತಿರುಗಿಬಿತ್ತು. 88ನೇ ನಿಮಿಷಕ್ಕೆ ಎರಡನೇ ಗೋಲು ಹೊಡೆದು ಒಟ್ಟು ಲೆಕ್ಕ ಸಮ ಮಾಡಿತು. ಎಲ್ಲರೂ ಹೆಚ್ಚುವರಿ ಆಟಕ್ಕೆ ಸಜ್ಜಾಗುತ್ತಿರುವಾಗ 90 ನಿಮಿಷ ದಾಟಿದ ಮೇಲೆ ಸುನಿಲ್ ಛೆಟ್ರಿ ತಲೆ ಕೊಟ್ಟ ನೋಡಿ, ಚೆಂಡು ಬಲೆಯೊಳಗೆ! ವಯಸ್ಸು ನಲವತ್ತು. ಆ ಹಂಗಾಮಿನಲ್ಲಿ ಹೊಡೆದ ಗೋಲು 14. ಆ ದಿನದ ಆಟ ಸೋತರೂ 3-2ರ ಒಟ್ಟು ಲೆಕ್ಕದಲ್ಲಿ ಬೆಂಗಳೂರು ಫೈನಲ್ಲಿಗೆ.

ಕೈಗೆ ಬಂದ ತುತ್ತು

ಏಪ್ರಿಲ್ 12, ಕೋಲ್ಕತಾದ ಸಾಲ್ಟ್ ಲೇಕ್. ಎದುರಿಗೆ ಅದೇ ಮೋಹನ್ ಬಾಗಾನ್. 49ನೇ ನಿಮಿಷಕ್ಕೆ ಬಾಗಾನ್ ಆಟಗಾರನೇ ತನ್ನ ಗೋಲಿಗೆ ಚೆಂಡು ನೂಕಿಕೊಂಡ. ಬೆಂಗಳೂರು 1-0. ಕಪ್ಪು ಬಂದೇ ಬಿಟ್ಟಿತೆಂದು ಕುಣಿದವರೆಷ್ಟೋ! 72ನೇ ನಿಮಿಷಕ್ಕೆ ಪೆನಾಲ್ಟಿ ಹೋಯಿತು, 1-1. ಹೆಚ್ಚುವರಿ ಆಟದ 96ನೇ ನಿಮಿಷಕ್ಕೆ ಮ್ಯಾಕ್ಲಾರೆನ್ ಹೊಡೆದ, 2-1. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋಲು ಅಭಿಮಾನಿಗೆ ಹೊಸದಲ್ಲ. ಎರಡು ದಿನ ಊಟ ಸೇರುವುದಿಲ್ಲ, ಮೂರನೇ ದಿನ "ಮುಂದಿನ ವರ್ಷ ನೋಡೂಣು" ಎನ್ನುತ್ತಾನೆ. ಆದರೆ ಈ ಸಲ ಮುಂದಿನ ವರ್ಷವೇ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ಸೋಲಿಗಿಂತ ದೊಡ್ಡ ಸುದ್ದಿ ಅದೇ.

ಹೊಲ ಬೀಳು ಬಿತ್ತು

ರೈತರಿಗೆ ತಿಳಿಯುವ ಹಾಗೆ ಹೇಳುವುದಾದರೆ ವಿಷಯ ಇಷ್ಟು. ಹೊಲದ ಮಾಲೀಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. ಲಾವಣಿಗೆ ಹಿಡಿದದ್ದು ಎಫ್.ಎಸ್.ಡಿ.ಎಲ್. ಎಂಬ ಕಂಪನಿ. 2010ರಲ್ಲಿ ಬರೆದ 15 ವರ್ಷದ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ಲೀಗ್ ನಡೆಯುವುದು ಆ ದಿನದ ಆಚೆಗೂ ಈಚೆಗೂ. ನಡುವೆ ಕರಾರು ಮುಗಿಯುವ ಹೊಲಕ್ಕೆ ಯಾರು ಬೀಜ ಹಾಕುತ್ತಾರೆ? 2025ರ ಜುಲೈಯಲ್ಲಿ ಕಂಪನಿ ಲೀಗನ್ನು ತಡೆಹಿಡಿಯಿತು. ಫೆಡರೇಷನ್ನಿನ ನಿಯಮಾವಳಿಯ ದಾವೆ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಹೊಸ ಕರಾರಿಗೂ ದಾರಿ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಕೋರ್ಟಿನ ತೀರ್ಪು ಬಂತು, ಟೆಂಡರ್ ಕರೆದದ್ದೂ ಆಯಿತು. ನವೆಂಬರಿನಲ್ಲಿ ಗಡುವು ಮುಗಿದಾಗ ನೋಡಿದರೆ ಬೇಡಿಕೆ ಇಟ್ಟವರು ಒಬ್ಬರೂ ಇಲ್ಲ! ಲಿಲಾವಿನಲ್ಲಿ ಚೀಲ ಬಿಚ್ಚಿಟ್ಟರೂ ಯಾರೂ ಕೂಗದ ಹಾಗೆ.

ಅಷ್ಟರೊಳಗೆ ಪೆಟ್ಟು ಬಿದ್ದದ್ದು ಆಡುವವರ ಹೊಟ್ಟೆಗೆ. 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಪಗಾರವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಲೀಗ್ ಇದೆಯೋ ಇಲ್ಲವೋ ತಿಳಿಯದಿರುವುದೇ ಕಾರಣವೆಂದಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ ತಂಡಕ್ಕೆ ಬಂದ ಗತಿ ಇದು! ಛೆಟ್ರಿಯಂಥ ಹೆಸರಾದವರು ಹೇಗೋ ತಡೆದುಕೊಂಡಾರು. ಬೂಟು ಹೊತ್ತು ತರುವವನ, ಮೈ ತಿಕ್ಕುವವನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು?

2026ರ ಜನವರಿ ಮೊದಲ ವಾರ ಆಟಗಾರರೇ ಮುಂದೆ ಬಂದು ವಿಶ್ವ ಸಂಸ್ಥೆ ಫೀಫಾಕ್ಕೆ ಮೊರೆಯಿಟ್ಟರು. ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ 14 ತಂಡಗಳ ಲೀಗ್ ನಡೆಯುವುದೆಂದು ಘೋಷಿಸಿದರು. ಒಟ್ಟು 91 ಪಂದ್ಯ. ಅಂದರೆ ಒಬ್ಬರೊಡನೆ ಒಂದೇ ಸಲ. 2024-25ರಲ್ಲಿ ಪ್ರತಿ ತಂಡಕ್ಕೆ 24 ಲೀಗ್ ಪಂದ್ಯವಿತ್ತು. ಈ ಲೆಕ್ಕದಲ್ಲಿ ಬರೀ 13. ಬೆಳೆ ಬಂತು ಅನ್ನಬೇಕು, ಆದರೆ ಅರ್ಧ ಹೊಲದ್ದು.

ಐ.ಟಿ.ಐ. ಕಾಲದ ಒಂದನೇ ತಾರೀಖು

ಹಳಬರಿಗೆ ಇನ್ನೊಂದು ಕಾಲ ನೆನಪಿರಬಹುದು. 1977ರಲ್ಲಿ ದೇಶದ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಯಾವ ದೊಡ್ಡ ಕ್ಲಬ್ಬೂ ಅಲ್ಲ, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ತಂಡ! ಫೈನಲ್ಲಿನಲ್ಲಿ ಸೋತದ್ದು ಮೋಹನ್ ಬಾಗಾನ್, 1-0. ಎಚ್.ಎ.ಎಲ್. ತಂಡವೂ ಹಾಗೇ ಹೆಸರು ಮಾಡಿತ್ತು. ಅದಕ್ಕೂ ಹಿಂದೆ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಕಾರ್ಖಾನೆ ಆಟಗಾರ ಸಾಹುಕಾರನಾಗಲಿಲ್ಲ. ಆದರೆ ಗೆಲ್ಲಲಿ ಸೋಲಲಿ, ಅವನಿಗೊಂದು ಹಾಜರಿ ಪುಸ್ತಕವಿತ್ತು, ತಿಂಗಳಾದ ಮೇಲೆ ಪಗಾರವಿತ್ತು. ಈಗಿನ ಕ್ಲಬ್ಬು ಕೊಡುವ ಹಣ ಹೆಚ್ಚು, ಭರವಸೆ ಕಡಿಮೆ. ಹಳೆಯದೇ ಒಳ್ಳೆಯದಿತ್ತು ಎಂದು ಹಾಡುವುದು ಬೇಡ. ಬೆಂಗಳೂರು ಎಫ್.ಸಿ. ತೋರಿಸಿದ ಆಟ, ತುಂಬಿಸಿದ ಗ್ಯಾಲರಿ ಸುಳ್ಳಲ್ಲ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದ ಕರ್ನಾಟಕದ ಹುಡುಗರೂ ಸುಳ್ಳಲ್ಲ. ಆಡುವವರಿಗೆ ಬರವಿಲ್ಲ, ಬರ ಇರುವುದು ಆಡಿಸುವವರ ಲೆಕ್ಕದಲ್ಲಿ.

ಅನ್ನ ಹಾಕತೈತೇನು?

ಬೆಂಗಳೂರಿನ ಕ್ಲಬ್ಬಿನ ಪಗಾರ ನಿಂತರೆ ಹಾನಗಲ್ಲಿಗೇನು, ಹಿರೇಕೆರೂರಿಗೇನು ಎಂದು ಕೇಳುವವರುಂಟು. ಕೇಳಲಿ. ಗೋವಿನಜೋಳ ಮಾರಿದ ದುಡ್ಡಿನಲ್ಲಿ ಮಗ ಬೂಟು ಕೇಳಿದಾಗ ಅಪ್ಪ ಒಂದೇ ಮಾತು ಅನ್ನುತ್ತಾನೆ: "ಆಟ ಅನ್ನ ಹಾಕತೈತೇನ್ಲೇ?" ಕ್ರಿಕೆಟ್ಟಿನ ಮಾತಾದರೆ ಮಗನ ಹತ್ತಿರ ಉತ್ತರವಿದೆ. ಕಬಡ್ಡಿಗೂ ಲೀಗ್ ಬಂದ ಮೇಲೆ ಉತ್ತರ ಸಿಕ್ಕಿದೆ. ಕಾಲ್ಚೆಂಡಿನ ಹುಡುಗ "ಹೂಂ ಅಪ್ಪಾ" ಎಂದು ಹತ್ತಾರು ವರ್ಷ ಎದೆ ಮುಂದೆ ಮಾಡಿ ಹೇಳಬಹುದಿತ್ತು. 2025ರ ಆಗಸ್ಟಿನ ನಂತರ ಅವನ ದನಿ ಸಣ್ಣಗಾಗಿದೆ. ಅಪ್ಪನ ಅನುಮಾನವೇ ಖರೆಯಾದಂತಾಗಿದೆ. ಒಂದು ಫೈನಲ್ ಸೋತರೆ ಮುಂದಿನ ವರ್ಷ ಗೆಲ್ಲಬಹುದು. ಮೈದಾನ ಬಿಟ್ಟು ಹೋದ ಹುಡುಗ ಮುಂದಿನ ವರ್ಷ ತಿರುಗಿ ಬರುವುದಿಲ್ಲ.

ಆದ್ದರಿಂದ ಅಭಿಮಾನಿಗಳೇ, ಅಂಕಪಟ್ಟಿ ನೋಡ್ರಿ, ಗೋಲು ಎಣಿಸ್ರಿ, ರೆಫರಿಗೆ ಬೈಯ್ಯೂದಿದ್ರ ಬೈರಿ. ಅದರ ಜೊತೆಗೆ ಇನ್ನೆರಡು ಮಾತು ಕೇಳುವುದನ್ನು ರೂಢಿ ಮಾಡಿಕೊಳ್ಳಿರಿ: ಕರಾರು ಎಷ್ಟು ವರ್ಷದ್ದು? ಆಡಿದವರಿಗೆ ಪಗಾರ ಆತೇನು? ಈ ಎರಡಕ್ಕೂ ನೆಟ್ಟಗೆ ಉತ್ತರ ಸಿಗುವ ತನಕ 3-0 ಆದರೇನು, 5-0 ಆದರೇನು, ಗೆದ್ದವರು ಯಾರೂ ಇಲ್ಲ.