ಕಾಕಾ, ಒಂದೀಟ ಸುಣ್ಣ ಕೊಡ್ರಿ

ಬೀಜ, ಗೊಬ್ಬರ ಮಾರುವ ಕೆಲಸ ನನ್ನದು. ಗೋಕಾಕ, ಮೂಡಲಗಿ, ಹುಕ್ಕೇರಿಯ ಚಾದ ಅಂಗಡಿಗಳಲ್ಲಿ ಕುಳಿತು ಗುರುತಿಲ್ಲದವರ ಜೊತೆ ಮಾತು ತೆಗೆಯುವುದೇ ಅರ್ಧ ಕೆಲಸ. ಈ ಭಾಗದಲ್ಲಿ ಮಾತು ಶುರುವಾಗುವುದು ಏನನ್ನಾದರೂ ಕೊಡುವುದರಿಂದಲ್ಲ, ಕೇಳುವುದರಿಂದ.

ಬೆಂಚಿನ ಆ ತುದಿಗೆ ಹಿರಿಯರೊಬ್ಬರು ಎಲೆ ಮಡಚುತ್ತಿದ್ದಾರೆ ಎನ್ನಿ. 'ಕಾಕಾ, ಒಂದೀಟ ಸುಣ್ಣ ಕೊಡ್ರಿ' ಎಂದರೆ ಸಾಕು. ಎರಡೂ ಬದಿಗೆ ಮುಚ್ಚಳವಿರುವ ಡಬ್ಬಿ ಹೊರಬರುತ್ತದೆ. ಒಂದು ಕಡೆ ತಂಬಾಕು, ಇನ್ನೊಂದು ಕಡೆ ಸುಣ್ಣ. ಬೆರಳ ತುದಿಯಿಂದ ಚೂರು ತೆಗೆದು ನಮ್ಮ ಎಲೆಗೆ ಹಚ್ಚುವಾಗಲೇ ಅವರ ಬಾಯಿಂದ ಪ್ರಶ್ನೆ ಬರುತ್ತದೆ: 'ಯಾವೂರಾತ್ರಿ ನಿಮ್ದು?' ಬಂದ ಕೂಡಲೇ ಭಜಿ ಕೊಡಿಸಲು ಹೊರಟವನನ್ನು ಕಂಡರೆ ಹಳ್ಳಿಯವರಿಗೆ ಸಂಶಯ. ಇವನಿಗೆ ನಮ್ಮಿಂದ ಏನೋ ಆಗಬೇಕಿದೆ ಎಂದುಕೊಳ್ಳುತ್ತಾರೆ. ಸುಣ್ಣ ಕೇಳಿದವನು ಮಾತ್ರ ಎದುರಿನವರನ್ನು ಕೊಡುವ ಜಾಗದಲ್ಲಿ ಕೂರಿಸುತ್ತಾನೆ. ಎಲೆ ಹಾಕದವರು ಪೇಪರಿನ ಒಳಪುಟ ಕೇಳಿದರೂ ನಡೆದೀತು.

ಹೆಸರು ಕೇಳಲು ಅವಸರ ಬೇಡ. ಅಡ್ಡಹೆಸರು ಬಂದರೆ ಅದರ ಬೆನ್ನಿಗೇ ಜಾತಿ ಬರುತ್ತದೆ, ಮಾತು ಇಕ್ಕಟ್ಟಾಗುತ್ತದೆ. ಊರಾದರೆ ಎಲ್ಲರದು. ಅಲ್ಲಿ ಯಾರದೋ ಬೀಗರು ಇದ್ದೇ ಇರುತ್ತಾರೆ.

ಊರಾದ ಮೇಲೆ ನೀರು. ಹುಕ್ಕೇರಿ ಕಡೆಯವರು ಸಿಕ್ಕರೆ ಗೋಕಾಕದವರು ಮಳೆಗಾಲದಲ್ಲಿ ಕೇಳುವುದು ಒಂದೇ: 'ಡ್ಯಾಮ್ ಎಷ್ಟ್ ತುಂಬೇತ್ರಿ?' ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಹಿಡಿಯುವುದು 51 ಟಿಎಂಸಿ. ಅದು ತುಂಬಿ ಬಾಗಿಲು ತೆಗೆದರೆ ಘಟಪ್ರಭೆ ಕೆಳಗಿನವರ ಅಂಗಳಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿ ಗೋಕಾಕದೊಳಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಹೀಗಾಗಿ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಯಾರೂ ಮುಗಿಸುವುದಿಲ್ಲ. ತಮ್ಮ ಮನೆಯ ಗೋಡೆ ಎಲ್ಲಿವರೆಗೆ ನೆನೆದಿತ್ತು ಎಂಬಲ್ಲಿಗೆ ಹೋಗಿ ನಿಲ್ಲುತ್ತಾರೆ.

ಮೂಡಲಗಿ ಕಡೆ ಕಬ್ಬು ಕೇಳಬೇಕು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲೂ ರಾತ್ರಿ ಕುಳಿತರು. ಸರ್ಕಾರ 3,300ಕ್ಕೆ ಬಂತು. ಅಂದಿನಿಂದ 'ನೀವೂ ಗುರ್ಲಾಪುರಕ್ಕ ಬಂದಿದ್ರೇನ್ರಿ?' ಎಂದು ಕೇಳಿದರೆ ಎದುರಿನವರು ಚಾದ ಅಂಗಡಿಯವನತ್ತ ತಿರುಗಿ 'ಒಂದ್ರಾಗ ಎರಡ್ ಮಾಡೋ ತಮ್ಮಾ' ಎನ್ನುತ್ತಾರೆ. ಅರ್ಧರ್ಧ ಚಾ ಕುಡಿದವರು ಆಮೇಲೆ ಅಪರಿಚಿತರಲ್ಲ.

ಈ ಬೆಂಚುಗಳಲ್ಲಿ ಹೆಂಗಸರು ಕೂರುವುದು ಅಪರೂಪ, ಅದು ನನಗೆ ಸರಿ ಕಾಣುವುದಿಲ್ಲ. ಅವರ ಮಾತು ಬಸ್ಸಿನಲ್ಲಿ ಹುಟ್ಟುತ್ತದೆ. ನಿಂತವಳ ಕಂಕುಳಲ್ಲಿ ಮಗುವಿದ್ದರೆ ಕುಳಿತವಳು 'ಯಕ್ಕಾ, ಕೂಸಿನ್ನ ಇಲ್ಲಿ ಕೊಡ್ರಿ' ಎನ್ನುತ್ತಾಳೆ. ಮಗು ತೊಡೆಗೆ ಬಂದ ಮೇಲೆ ತವರುಮನೆ, ನೆಗಡಿ, ಔಷಧ ಎಲ್ಲ ತಾನಾಗಿ ಬರುತ್ತವೆ.

ಬಾರಿನಲ್ಲೂ ಮೊದಲ ಹೆಜ್ಜೆ ಇದೇ: ನೀರಿನ ಜಗ್ಗನ್ನೋ ಶೇಂಗಾದ ತಟ್ಟೆಯನ್ನೋ 'ಅಣ್ಣಾರ, ಈ ಕಡೆ ಸರಸ್ರಿ' ಎನ್ನುವುದು. ಆದರೆ ಅಲ್ಲಿ ಒಬ್ಬನೇ ಕುಳಿತು ತಲೆ ಎತ್ತದವನನ್ನು ಕೆಣಕಬಾರದು, ಯಾಕೆ ಕುಡಿಯುತ್ತೀರಿ ಎಂದಂತೂ ಕೇಳಲೇಬಾರದು. ಆತ ಒಂದು ಮಾತಿಗೆ ಒಂದೇ ಮಾತು ಆಡಿದರೆ ನಾನು ಸುಮ್ಮನಾಗುತ್ತೇನೆ. ಬಿಲ್ಲು ಕೊಡುತ್ತೇನೆಂದು ಹಟ ಹಿಡಿಯುವುದೂ ಬೇಡ. ಚಾ ಆದರೆ ಕೊಡಿ, ನಾಳೆ ಅವರು ಕೊಡುತ್ತಾರೆ.