ಕಾಫಿ ಮೇಕರ್ ಕರೆಂಟ್ ಎಳೆಯುವುದು ಯಾವಾಗ?

‘ಸಾವಿರ ವ್ಯಾಟಿನ ಯಂತ್ರವಂತೆ, ಬಿಲ್ ಏರದೆ ಇರುತ್ತದೆಯೇ?’ ಕಾಫಿ ಮೇಕರ್ ಕೊಳ್ಳುವ ಮಾತು ಬಂದಾಗ ಮನೆಯಲ್ಲಿ ಏಳುವ ಮೊದಲ ಆಕ್ಷೇಪ ಇದು. ಯಂತ್ರದ ತಳದಲ್ಲಿ 800 ಅಥವಾ 1000 ವ್ಯಾಟ್ ಎಂದು ಬರೆದಿರುವುದು ನಿಜ. ಆದರೆ ಅದು ವಿದ್ಯುತ್ ಎಳೆಯುವ ವೇಗ ಮಾತ್ರ. ಎಷ್ಟು ಹೊತ್ತು ಎಳೆಯಿತು ಎಂಬುದೂ ಸೇರಿದರೆ ಯೂನಿಟ್ ಆಗುತ್ತದೆ. 1000 ವ್ಯಾಟಿನ ಯಂತ್ರ ಒಂದು ಗಂಟೆ ಎಡೆಬಿಡದೆ ಓಡಿದರೆ ಒಂದು ಯೂನಿಟ್. ನಾಲ್ಕು ಕಪ್ ಕಾಫಿ ಇಳಿಸಲು 800 ವ್ಯಾಟಿನ ಯಂತ್ರಕ್ಕೆ ಐದಾರು ನಿಮಿಷ ಸಾಕು. ಆರು ಎಂದೇ ಹಿಡಿದರೂ 0.08 ಯೂನಿಟ್, ಯೂನಿಟ್‌ಗೆ 6 ರೂಪಾಯಿಯಂತೆ 48 ಪೈಸೆ. ಅದೇ ಮನೆಯ ಗೀಸರ್‌ನಲ್ಲಿ 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಲು 0.6 ಯೂನಿಟ್‌ಗೆ ಕಡಿಮೆ ಸಾಲದು. ಬಿಲ್ಲಿನ ಚಿಂತೆ ಇದ್ದವರು ಮೊದಲು ಬಚ್ಚಲುಮನೆಯ ಕಡೆ ನೋಡಬೇಕು.

ಕಡಿಮೆ ವ್ಯಾಟಿನ ಯಂತ್ರ ಕೊಂಡರೆ ಉಳಿತಾಯ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಒಂದು ಲೀಟರ್ ನೀರನ್ನು 25ರಿಂದ 95 ಡಿಗ್ರಿಗೆ ತರಲು ಸುಮಾರು 0.08 ಯೂನಿಟ್ ಶಾಖ ಬೇಕೇ ಬೇಕು. ಸಣ್ಣ ಯಂತ್ರ ಅದನ್ನು ನಿಧಾನವಾಗಿ ಕೊಡುತ್ತದೆ, ಅಷ್ಟೆ. ತಡವಾದಷ್ಟೂ ಸುತ್ತಲಿನ ಗಾಳಿಗೆ ಸೋರುವ ಬಿಸಿಯೇ ಹೆಚ್ಚು.

ಇವೆರಡಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ ಇನ್ನೊಂದಿದೆ: ಕಾಫಿ ಇಳಿದ ಮೇಲೆ ಖರ್ಚು ಮುಗಿಯಿತು ಎಂಬುದು. ಸಾಮಾನ್ಯ ಡ್ರಿಪ್ ಯಂತ್ರದಲ್ಲಿ ನೀರು ಕಾಯಿಸುವ ಕಾಯಿಲ್ಲೇ ಗಾಜಿನ ಜಗ್ ಕೂರುವ ತಟ್ಟೆಯನ್ನೂ ಬಿಸಿ ಮಾಡುತ್ತದೆ. ನೀರು ಖಾಲಿಯಾದರೂ ಸ್ವಿಚ್ ಆರಿಸುವ ತನಕ ಥರ್ಮೋಸ್ಟಾಟ್ ಅದನ್ನು ಹೊತ್ತಿಸುತ್ತ, ಆರಿಸುತ್ತ ಇರುತ್ತದೆ. ಸರಾಸರಿ 60 ವ್ಯಾಟ್ ಎಂದಿಟ್ಟುಕೊಳ್ಳಿ. ‘ಅವರು ಎದ್ದ ಮೇಲೆ ಕುಡಿಯಲಿ’ ಎಂದು ಎರಡು ಗಂಟೆ ಬಿಟ್ಟರೆ 0.12 ಯೂನಿಟ್, ಅಂದರೆ ಇಳಿಸುವುದಕ್ಕೆ ಹಿಡಿದದ್ದರ ಒಂದೂವರೆ ಪಟ್ಟು. ಅಷ್ಟು ಕೊಟ್ಟೂ ಸಿಗುವುದು ಪರಿಮಳ ಹಾರಿಹೋಗಿ ಕಹಿಯಾದ ಕಾಫಿ. ಇದು ನನಗೆ ಕರೆಂಟಿಗಿಂತ ದೊಡ್ಡ ನಷ್ಟವೆನಿಸುತ್ತದೆ. ಇಳಿದ ಕೂಡಲೇ ಫ್ಲಾಸ್ಕಿಗೆ ಸುರಿದರೆ ಎರಡೂ ಉಳಿಯುತ್ತವೆ.

ಯುರೋಪಿಯನ್ ಒಕ್ಕೂಟ ಈ ವ್ಯರ್ಥವನ್ನು ತಡೆಯಲು ನಿಯಮವನ್ನೇ ತಂದಿದೆ. 2015ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಮನೆಬಳಕೆಯ ಡ್ರಿಪ್ ಯಂತ್ರಗಳಲ್ಲಿ, ಜಗ್ ಫ್ಲಾಸ್ಕಿನಂಥದ್ದಾದರೆ ಕಾಫಿ ಇಳಿದ 5 ನಿಮಿಷದೊಳಗೆ, ಬರಿಯ ಗಾಜಿನದಾದರೆ 40 ನಿಮಿಷದೊಳಗೆ ಬಿಸಿ ತಾನಾಗಿಯೇ ಆರಬೇಕು. ನಮ್ಮಲ್ಲಿ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ವ್ಯಾಟ್ ಎಷ್ಟು ಎಂಬುದಲ್ಲ, ತಾನಾಗಿ ಆರುತ್ತದೆಯೇ ಎಂಬುದು.

ಗಡಿಯಾರವಿರುವ ಯಂತ್ರವಾದರೆ ಪ್ಲಗ್ಗಿನ ಸ್ವಿಚ್ಚನ್ನೂ ಆರಿಸಿಡಿ. ಗಡಿಯಾರದ ಆ ಪುಟ್ಟ ದೀಪ ಒಂದೇ ವ್ಯಾಟ್ ಎಳೆದರೂ ತಿಂಗಳಿಗೆ 0.72 ಯೂನಿಟ್. ಅಷ್ಟರಲ್ಲಿ ಒಂಬತ್ತು ಸಲ ಕಾಫಿ ಇಳಿಸಬಹುದು.