ಕಡಲಾಚೆಯ ಕಲಿಕೆಗೆ ಹಣ ಬರುವ ದಾರಿ

ಎರಡು ದೇಶಗಳ ವಿಶ್ವವಿದ್ಯಾಲಯಗಳು ಜೊತೆಗೂಡಿ ಸಂಶೋಧನೆ ನಡೆಸಲು, ಅಧ್ಯಾಪಕರನ್ನು ಕಳಿಸಿ ಕರೆಸಿಕೊಳ್ಳಲು, ವಿದ್ಯಾರ್ಥಿಗಳನ್ನು ಒಂದೆರಡು ಸೆಮಿಸ್ಟರ್ ಮಟ್ಟಿಗೆ ಅದಲು ಬದಲು ಮಾಡಿಕೊಳ್ಳಲು ಸರ್ಕಾರಗಳೂ ಪ್ರತಿಷ್ಠಾನಗಳೂ ಕೊಡುವ ಹಣವೇ ಸಹಯೋಗ ಅನುದಾನ. ಇದನ್ನು ಹಿಂದಿರುಗಿಸಬೇಕಾಗಿಲ್ಲ. ಆದರೆ ಹೇಳಿದ ಕೆಲಸವನ್ನು ಹೇಳಿದ ಅವಧಿಯಲ್ಲಿ ಮುಗಿಸಿ, ಖರ್ಚಿನ ಲೆಕ್ಕ ಒಪ್ಪಿಸಬೇಕು. ವಿದ್ಯಾರ್ಥಿವೇತನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸರಳ: ವಿದ್ಯಾರ್ಥಿವೇತನ ಒಬ್ಬ ವ್ಯಕ್ತಿಯ ಕೈಗೆ ಬರುತ್ತದೆ, ಸಹಯೋಗ ಅನುದಾನ ಸಂಸ್ಥೆಯ ಖಾತೆಗೆ ಬರುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ಅವಕಾಶ ಕಳೆದುಕೊಂಡ ಕಾಲೇಜುಗಳೂ ವಿದ್ಯಾರ್ಥಿಗಳೂ ಬಹಳ.

ಇನ್ನೊಂದು ಗೊಂದಲ ಒಡಂಬಡಿಕೆ ಪತ್ರದ್ದು. ವಿದೇಶದ ಕುಲಪತಿಯೊಬ್ಬರು ಬಂದು, ಹಾರ ಹಾಕಿಸಿಕೊಂಡು, ಸಹಿ ಹಾಕಿ ಹೋದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆ ಪತ್ರದಲ್ಲಿ ಹಣದ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಜೊತೆಯಾಗಿ ಕೆಲಸ ಮಾಡುವ ಇಚ್ಛೆ ಇದೆ ಎಂಬುದಷ್ಟೇ ಅದರ ಅರ್ಥ. ಹಣಕ್ಕಾಗಿ ಬೇರೆ ಪ್ರಸ್ತಾವ ಬರೆಯಬೇಕು, ಸ್ಪರ್ಧೆಯಲ್ಲಿ ಗೆಲ್ಲಬೇಕು. ಸಹಿಯಾಗಿ ಐದು ವರ್ಷವಾದರೂ ಒಬ್ಬ ವಿದ್ಯಾರ್ಥಿಯೂ ಹೋಗಿ ಬರದ ಒಡಂಬಡಿಕೆಗಳು ಇರುವುದಕ್ಕೆ ಇದೇ ಕಾರಣ.

ವಿದೇಶದ ಕಲಿಕೆ ನಿಜಕ್ಕೂ ನಡೆದಾಗ ಸಿಗುವ ಫಲ ನೋಡಲು ದೂರ ಹೋಗಬೇಕಿಲ್ಲ. ಹೊಸೂರು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. 1920ರಲ್ಲಿ ಅಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಊರಿನಿಂದ ನಡೆದೇ ಬೆಂಗಳೂರು ತಲುಪಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ, ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ನಿಲ್ಲದೆ ಹಿಂದಿರುಗಿದ ಅವರು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಕಾಲೇಜುಗಳು ನೆಲೆಯೂರಿದ್ದರ ಹಿಂದೆ ಅವರ ದುಡಿಮೆಯಿದೆ. ವಿದೇಶದಲ್ಲಿ ಕಲಿತ ಒಬ್ಬ ವ್ಯಕ್ತಿಯಿಂದ ಒಂದು ಬಯಲುಸೀಮೆಯ ತಾಲ್ಲೂಕಿಗೆ ಎಷ್ಟು ಫಲ ಸಿಗಬಹುದು ಎಂಬುದಕ್ಕೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಒಬ್ಬರು ಹೋಗಿ ಬಂದರೆ ಹೀಗೆ. ಸಂಸ್ಥೆಗೆ ಸಂಸ್ಥೆಯೇ ಜೊತೆಯಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹುಟ್ಟಿನಲ್ಲಿ ನೋಡಬಹುದು. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಕಾಯ್ದೆಯಿಂದ ಅಮೆರಿಕದಲ್ಲಿ ‘ಲ್ಯಾಂಡ್ ಗ್ರಾಂಟ್’ ಕಾಲೇಜುಗಳು ಬೆಳೆದವು. ಸರ್ಕಾರ ಕೊಟ್ಟ ಭೂಮಿಯ ಬಲದಲ್ಲಿ ನಿಂತ ಅವು ಬೋಧನೆ, ಸಂಶೋಧನೆ, ರೈತರಿಗೆ ತಿಳಿವಳಿಕೆ ಮುಟ್ಟಿಸುವ ವಿಸ್ತರಣೆ ಎಂಬ ಮೂರು ಕೆಲಸಗಳನ್ನೂ ಒಂದೇ ಸೂರಿನಡಿ ನಡೆಸುತ್ತಿದ್ದವು. ಆಹಾರದ ಕೊರತೆಯಿದ್ದ 1960ರ ದಶಕದ ಭಾರತ ಇದೇ ಮಾದರಿಯನ್ನು ಆರಿಸಿಕೊಂಡಿತು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಹಣ ಕೊಟ್ಟಿತು. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಭಾರತದ ರಾಜ್ಯಗಳನ್ನು ಹಂಚಿಕೊಂಡವು. ಇಲಿನಾಯ್ ವಿಶ್ವವಿದ್ಯಾಲಯ ಪಂತನಗರದ ಜೊತೆ ನಿಂತಿತು, ಒಹಾಯೊ ಸ್ಟೇಟ್ ಪಂಜಾಬಿನ ಜೊತೆ. ಮೈಸೂರು ರಾಜ್ಯದ ಪಾಲಿಗೆ ಬಂದದ್ದು ಟೆನೆಸಿ ವಿಶ್ವವಿದ್ಯಾಲಯ.

1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು, ಕೆ.ಸಿ. ನಾಯಕ್ ಮೊದಲ ಕುಲಪತಿ. ಟೆನೆಸಿಯ ಪ್ರಾಧ್ಯಾಪಕರು ಇಲ್ಲಿ ಬಂದು ನೆಲೆಸಿ ಪಠ್ಯಕ್ರಮ, ಪರೀಕ್ಷಾ ಪದ್ಧತಿ, ವಿಸ್ತರಣಾ ಕೆಲಸಗಳಿಗೆ ಸಲಹೆಗಾರರಾದರು. ಇಲ್ಲಿನ ತರುಣ ಅಧ್ಯಾಪಕರು ಅಮೆರಿಕಕ್ಕೆ ಹೋಗಿ ಉನ್ನತ ಪದವಿ ಪಡೆದು ಹಿಂದಿರುಗಿದರು. ವರ್ಷದ ಕೊನೆಗೆ ಒಂದೇ ದೊಡ್ಡ ಪರೀಕ್ಷೆ ನಡೆಯುತ್ತಿದ್ದ ಕಾಲದಲ್ಲಿ, ಅವಧಿಗೊಮ್ಮೆ ಪರೀಕ್ಷೆ ನಡೆಸಿ ಪಾಠ ಮಾಡಿದವರೇ ಅಂಕ ಕೊಡುವ ಪದ್ಧತಿ ಕೃಷಿ ಶಿಕ್ಷಣದಲ್ಲಿ ಬೇರೂರಿದ್ದು ಈ ನಂಟಿನಿಂದ. ಸಲಹೆಗಾರರು ಊರಿಗೆ ಮರಳಿದ ಮೇಲೂ ಉಳಿಯುವಂಥದ್ದನ್ನು ಆ ಹಣ ಕಟ್ಟಿತು. ಅನುದಾನವೊಂದು ಸಾರ್ಥಕವಾಯಿತೇ ಎಂದು ಅಳೆಯಲು ಇದಕ್ಕಿಂತ ನೇರವಾದ ಮಾಪನವಿಲ್ಲ. ಇದೇ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯ ಇಂದು ಚಿಂತಾಮಣಿಯಲ್ಲಿದೆ. ಹಣ ಕೊಟ್ಟ ಯುಎಸ್‌ಏಡ್ ಮಾತ್ರ 2025ರಲ್ಲಿ ಬಾಗಿಲು ಮುಚ್ಚಿತು. ಒಬ್ಬನೇ ದಾನಿಯನ್ನು ನಂಬಿ ಕೂರಬಾರದು ಎಂಬುದಕ್ಕೆ ಇಷ್ಟು ಸಾಕು.

ಈಗ ಹಣ ಬರುವ ಮೂಲಗಳು ಹಲವು. ಫುಲ್‌ಬ್ರೈಟ್ ಯೋಜನೆ 1946ರಲ್ಲಿ ಅಮೆರಿಕದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಅವರಿಂದ ಶುರುವಾಯಿತು. ಯುದ್ಧ ಮುಗಿದ ಮೇಲೆ ವಿದೇಶಗಳಲ್ಲಿ ಉಳಿದ ಸೇನಾ ಸಾಮಗ್ರಿ ಮಾರಿದ ಹಣವೇ ಅದರ ಮೂಲ ಬಂಡವಾಳ. 1950ರ ಫೆಬ್ರುವರಿ 2ರಂದು ಭಾರತ ಅದಕ್ಕೆ ಸೇರಿತು. 2008ರ ಹೊಸ ಒಪ್ಪಂದದಿಂದ ಭಾರತವೂ ಹಣ ಹಾಕತೊಡಗಿತು, ಹೆಸರು ಫುಲ್‌ಬ್ರೈಟ್–ನೆಹರೂ ಎಂದಾಯಿತು. ಪಡೆಯುವವನೂ ಪಾಲು ಹಾಕಿದಾಗ ಆಯ್ಕೆಯಲ್ಲಿ ಅವನ ಮಾತಿಗೂ ತೂಕ ಬರುತ್ತದೆ. ಜರ್ಮನಿಯ ವಿನಿಮಯ ಸಂಸ್ಥೆ ಡಿಎಎಡಿ ಮತ್ತು 1968ರಿಂದ ಕೆನಡಾದೊಂದಿಗೆ ನಂಟು ಬೆಸೆಯುತ್ತಿರುವ ಶಾಸ್ತ್ರಿ ಇಂಡೋ–ಕೆನಡಿಯನ್ ಸಂಸ್ಥೆಯೂ ಇದೇ ಸಾಲಿಗೆ ಸೇರುತ್ತವೆ.

ಯುರೋಪಿನ ಎರಾಸ್ಮಸ್ ಯೋಜನೆ ಇವೆಲ್ಲಕ್ಕಿಂತ ದೊಡ್ಡದು. 1987ರಲ್ಲಿ ಯುರೋಪಿನೊಳಗಿನ ವಿನಿಮಯಕ್ಕೆಂದು ಶುರುವಾದ ಅದು ಈಗ ಹೊರದೇಶಗಳಿಗೂ ತೆರೆದಿದೆ. 2021ರಿಂದ 2027ರವರೆಗಿನ ಅದರ ಬಜೆಟ್ ಸುಮಾರು 26 ಬಿಲಿಯನ್ ಯೂರೊ. ಅದರ ಸಾಮರ್ಥ್ಯ ವೃದ್ಧಿ ವಿಭಾಗದಲ್ಲಿ ಯುರೋಪಿನ ಹಾಗೂ ಹೊರಗಿನ ಹಲವು ವಿಶ್ವವಿದ್ಯಾಲಯಗಳು ಕೂಟ ಕಟ್ಟಿಕೊಂಡು ಎರಡು ಲಕ್ಷ ಯೂರೊಗಳಿಂದ ಹತ್ತು ಲಕ್ಷ ಯೂರೊಗಳವರೆಗೆ ಕೇಳಬಹುದು. ಕೆಲಸವನ್ನು ಭಾಗಗಳಾಗಿ ವಿಂಗಡಿಸಿ ಮೊದಲೇ ಬರೆದುಕೊಡಬೇಕು. ಮುಗಿಯದ ಭಾಗದ ಹಣ ಕೈಗೆ ಬರುವುದಿಲ್ಲ.

ಭಾರತ ಸರ್ಕಾರದ ಯೋಜನೆಗಳೂ ಇವೆ. 2015ರ ಗಿಯಾನ್ ಯೋಜನೆಯಲ್ಲಿ ವಿದೇಶಿ ಪ್ರಾಧ್ಯಾಪಕರು ಒಂದೆರಡು ವಾರ ಇಲ್ಲಿಗೇ ಬಂದು ಪಾಠ ಮಾಡುತ್ತಾರೆ. 2018ರ ಸ್ಪಾರ್ಕ್ ಯೋಜನೆ ಜಂಟಿ ಸಂಶೋಧನೆಗೆ ಹಣ ಕೊಡುತ್ತದೆ. ಐಐಟಿ ಖರಗ್‌ಪುರ ಅದರ ಸಮನ್ವಯ ನೋಡಿಕೊಳ್ಳುತ್ತದೆ. ಇದಕ್ಕೆ ಅರ್ಜಿ ಹಾಕುವ ಸಂಸ್ಥೆಗೆ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮಾನ್ಯತೆ ಇಲ್ಲವೇ ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮೇಲಿನ ದರ್ಜೆ ಇರಬೇಕು. ವಿದೇಶಿ ಸಂಸ್ಥೆಗಳೊಂದಿಗೆ ಜಂಟಿ ಪದವಿ ನಡೆಸಲು ಯುಜಿಸಿ 2022ರಲ್ಲಿ ಹೊರಡಿಸಿದ ನಿಯಮಗಳೂ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವನ್ನೋ, ಮೊದಲ ನೂರರ ಸ್ಥಾನವನ್ನೋ ಕೇಳುತ್ತವೆ. ಹೀಗಾಗಿ ಆಗಲೇ ಬಲವಾಗಿರುವ ಸಂಸ್ಥೆಗೇ ಇನ್ನಷ್ಟು ಬಲ ಸಿಗುತ್ತದೆ. ತಾಲ್ಲೂಕು ಕೇಂದ್ರದ ಕಾಲೇಜು ಹೊಸಿಲಲ್ಲೇ ನಿಲ್ಲುತ್ತದೆ. ಗುಣಮಟ್ಟದ ಹೆಸರಿನಲ್ಲಿ ಇದನ್ನು ಸಮರ್ಥಿಸಬಹುದು, ಆದರೆ ನ್ಯಾಯವಾದ ಏರ್ಪಾಡಲ್ಲ.

ವಿದ್ಯಾರ್ಥಿ ವಿನಿಮಯದ ಲೆಕ್ಕ ಹೊರಗಿನಿಂದ ಕಾಣುವಷ್ಟು ಕಷ್ಟದ್ದಲ್ಲ. ಪ್ರತಿ ವಿದ್ಯಾರ್ಥಿ ತನ್ನ ಕಾಲೇಜಿಗೇ ಶುಲ್ಕ ಕಟ್ಟುತ್ತಾನೆ, ಹೋದಲ್ಲಿ ಕಟ್ಟುವುದಿಲ್ಲ. ಅಲ್ಲಿಂದ ಬಂದವರಿಗೂ ಇಲ್ಲಿ ಅದೇ ನಿಯಮ. ಅಲ್ಲಿ ಗಳಿಸಿದ ಕ್ರೆಡಿಟ್ ಇಲ್ಲಿನ ಅಂಕಪಟ್ಟಿಗೆ ಸೇರುತ್ತದೆ. ಉಳಿಯುವುದು ವಿಮಾನ, ವೀಸಾ, ವಿಮೆ, ಊಟ, ವಸತಿಯ ಖರ್ಚು. ಅನುದಾನ ತುಂಬಬೇಕಾದ ಜಾಗ ಇದು. ಎಷ್ಟು ಜನ ಬರುತ್ತಾರೋ ಅಷ್ಟೇ ಜನ ಹೋಗಬೇಕೆಂಬುದು ಈ ಏರ್ಪಾಡಿನ ತಿರುಳು. ಅಲ್ಲಿಂದ ಬರುವವರೇ ಇಲ್ಲದಿದ್ದರೆ ಇಲ್ಲಿಂದ ಹೋಗುವ ಸೀಟುಗಳೂ ಕರಗುತ್ತವೆ.

ಹಾಗಾದರೆ ವಿದೇಶಿ ವಿದ್ಯಾರ್ಥಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಯಾಕೆ ಬರಬೇಕು? ಕಲಿಯಲು ಇಲ್ಲಿ ಬೇಕಾದಷ್ಟಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜಿನಿಂದ ಹಿಡಿದು ಓಣಿಯ ರೀಲಿಂಗ್ ಘಟಕದವರೆಗೆ ರೇಷ್ಮೆಯ ಪೂರ್ತಿ ಆರ್ಥಿಕತೆ ಒಂದೇ ಊರಿನಲ್ಲಿ ಕಣ್ಣಿಗೆ ಕಾಣುತ್ತದೆ. ನದಿಯ ಆಸರೆಯಿಲ್ಲದೆ ಕೊಳವೆಬಾವಿ ಆಳಕ್ಕಿಳಿದ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ ಸೀಮೆಯಿದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಒಳಿತು ಕೆಡುಕುಗಳನ್ನು ದೀರ್ಘಕಾಲ ಅಳೆಯಬೇಕಾದ ಸ್ಥಳವೂ ಇದೇ. ಗೌರಿಬಿದನೂರಿನ ಬಳಿ 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಭೂಕಂಪ ಮಾಪನ ಜಾಲ ಬಂತು, 1976ರಲ್ಲಿ ರೇಡಿಯೊ ದೂರದರ್ಶಕ ಬಂತು. ಹೊರಗಿನ ವಿಜ್ಞಾನಕ್ಕೆ ಈ ನೆಲ ಹೊಸದಲ್ಲ.

ಬೆಂಗಳೂರು ವಿಶ್ವವಿದ್ಯಾಲಯ ಮೂರಾದಾಗ ಈ ಭಾಗದ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಪ್ರಸ್ತಾವ ಬರೆಯುವ, ವಿದೇಶಿ ವಿನಿಮಯದ ಲೆಕ್ಕ ಬಲ್ಲ ಪೂರ್ಣಾವಧಿಯ ಇಬ್ಬರು ಮೂವರು ಅಲ್ಲಿದ್ದು, ಚಿಂತಾಮಣಿಯ ರೇಷ್ಮೆ ಕಾಲೇಜನ್ನು ಜೊತೆಗೆ ಸೇರಿಸಿಕೊಂಡರೆ, ಎರಾಸ್ಮಸ್ ಕೂಟವೊಂದಕ್ಕೆ ಈ ಜಿಲ್ಲೆ ಕೈಚಾಚಿ ನಿಲ್ಲಬೇಕಾಗಿಲ್ಲ, ಪಾಲುದಾರನಾಗಿಯೇ ಹೋಗಬಹುದು. ಪಾಠದ ಹೊರೆ ಹೊತ್ತ ಅಧ್ಯಾಪಕರಿಗೇ ಇದನ್ನೂ ಅಂಟಿಸಿದರೆ ಕೆಲಸ ಆಗುವುದಿಲ್ಲ.

ಸಂಸ್ಥೆ ಎಚ್ಚರಗೊಳ್ಳುವವರೆಗೆ ವಿದ್ಯಾರ್ಥಿ ಕಾಯಬೇಕಾಗಿಲ್ಲ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿ ಮೀರಿರಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಪದವಿಗೆ ಯಾವ ಜಾತಿ, ಆದಾಯದವರೂ ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೊ ಸಿಗುತ್ತದೆ. ಅರ್ಜಿ ನೇರವಾಗಿ ಹಾಕುವುದು, ನಡುವೆ ಏಜೆಂಟರು ಬೇಕಿಲ್ಲ. ಎರಾಸ್ಮಸ್ ಮುಂಡಸ್ ಕೋರ್ಸುಗಳಲ್ಲಿ ಬಹುಪಾಲಿಗೆ ಅರ್ಜಿ ಹಾಕುವ ಕಾಲ ಅಕ್ಟೋಬರಿನಿಂದ ಜನವರಿಯವರೆಗೆ. ಪದವಿಯ ಕೊನೆಯ ವರ್ಷಕ್ಕೆ ಕಾಲಿಡುವ ಮುನ್ನವೇ ಪಾಸ್‌ಪೋರ್ಟ್ ಮಾಡಿಸಿ, ಇಂಗ್ಲಿಷ್ ಪರೀಕ್ಷೆಗೆ ಸಿದ್ಧವಾಗಿ, ಶಿಫಾರಸು ಪತ್ರ ಬರೆದುಕೊಡುವ ಅಧ್ಯಾಪಕರಿಬ್ಬರನ್ನು ಕಂಡು ಮಾತನಾಡಿ ಇಟ್ಟುಕೊಳ್ಳಬೇಕು.